ಕೂಸಿನವ್ವ ಎಂದು ಕರೆಯಿರಿ

ನನ್ನ ಮಗಳು ಮಾತು ಕಲಿತಾಗ ನಮ್ಮ ಅತ್ತೆಯನ್ನು "ಅವ್ವ" ಎಂದಳು, ನನ್ನನ್ನು "ಕೊಂಡ್ಯಕ್ಕ" ಎಂದಳು. ಓಣಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೊದಲ ದಿನ ನಾನೂ ನಕ್ಕೆ. ಮರುದಿನ ನಗು ಬರಲಿಲ್ಲ. ಆಮೇಲೆ ಆ ಹೆಸರು ಕೂಸಿನ ಬಾಯಿಂದ ಬಂದಾಗಲೆಲ್ಲ ಎದೆ ಚುರ್ ಎನ್ನುತ್ತಿತ್ತು. ಬೇರೆಯವರಿಗೆ ಅಳು ಬರುವ ಕಡೆ ನನಗೆ ಸಿಟ್ಟು ಬರುತ್ತದೆ. ಹುಟ್ಟುಗುಣ ಅದು, ಈ ವಯಸ್ಸಿನಲ್ಲೂ ಬಿಟ್ಟಿಲ್ಲ. ಹೆತ್ತವಳು ನಾನು, ಅವ್ವ ಅನ್ನಿಸಿಕೊಳ್ಳದೆ ಬಿಡುವುದಿಲ್ಲ ಎಂದು ಪಟ್ಟು ಹಿಡಿದೆ.

ಇಳಕಲ್ಲಿನವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳಬೇಕು. ನಮ್ಮೂರ ಸೀರೆಯಲ್ಲಿ ಹಾಸು, ಅಂದರೆ ಉದ್ದಕ್ಕೆ ಹಾಸುವ ಎಳೆಗಳು, ಒಡಲಿಗೇ ಬೇರೆ, ಸೆರಗಿಗೇ ಬೇರೆ. ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ನೇಯಲು ಕೂಡುವ ಮೊದಲು ಒಡಲಿನ ಒಂದೊಂದು ಎಳೆಯ ಕುಣಿಕೆಯೊಳಗೆ ಸೆರಗಿನ ಒಂದೊಂದು ಎಳೆಯನ್ನು ತೂರಿಸಿ, ಬೆರಳನ್ನು ತೇವ ಮಾಡಿಕೊಂಡು ಹೊಸೆದು ಕೂಡಿಸಬೇಕು. ಗಂಟು ಹಾಕುವಂತಿಲ್ಲ, ಹಾಕಿದರೆ ಹಣಿಗೆಯ ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ಕುಣಿಕೆಯೊಳಗೆ ಕುಣಿಕೆ, ಅದೇ ಕೊಂಡಿ. ಮಗ್ಗದ ಕುಣಿಯಲ್ಲಿ ಕೂತು ನೇಯುವುದು ಗಂಡಸರ ಕೆಲಸ. ಕೊಂಡಿ ಹೆಂಗಸರದು.

ನಾನು ಕಮತಗಿಯಿಂದ ಸೊಸೆಯಾಗಿ ಬಂದಾಗ ಈ ಕೆಲಸ ಅತ್ತೆಯ ಕೈಯಲ್ಲಿತ್ತು. ಅವರೇ ನನಗೆ ಕಲಿಸಿದರು. ಕಲಿಸುವಾಗ ಬೈಯಲಿಲ್ಲ, ಹೊಗಳಲೂ ಇಲ್ಲ. ಮಾತು ಕಡಿಮೆಯ ಹೆಂಗಸು, ಮಾವ ತೀರಿಕೊಂಡ ಮೇಲಂತೂ ಇನ್ನೂ ಕಡಿಮೆ. ಕೆಲವು ವರ್ಷಗಳಲ್ಲಿ ಅವರ ಬೆರಳ ಸಂದುಗಳು ಹಿಡಿದುಕೊಂಡವು, ಎಳೆ ಹಿಡಿದರೆ ಜಾರತೊಡಗಿತು. ಒಂದು ಮುಂಜಾನೆ ನೀರಿನ ಬಟ್ಟಲನ್ನು ನನ್ನ ಮುಂದೆ ಸರಿಸಿ, "ಇನ್ನ ನೀನss ಹಾಕು," ಎಂದು ಎದ್ದುಹೋದರು. ಅಷ್ಟೇ.

ನನ್ನ ಬೆರಳು ಚುರುಕು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮೊದಲು ನಮ್ಮ ಮನೆಯ ಸೀರೆಗೆ, ಆಮೇಲೆ ಪಕ್ಕದ ಮನೆಯವರದಕ್ಕೆ, ಆಮೇಲೆ ಇಡೀ ಓಣಿಯವರದಕ್ಕೆ ನಾನೇ ಕೊಂಡಿ ಹಾಕುವಂತಾಯಿತು. ಬದಲಿಗೆ ಅವರ ಮನೆಯ ಹೆಂಗಸರು ನಮ್ಮ ನೂಲು ಸುತ್ತಿ ಕೊಡುತ್ತಿದ್ದರು. ಪ್ಲೇಗಿಗೆ ಹೆದರಿ ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದ ಜನ ಮನೆಗಳಿಗೆ ಮರಳಿ, ತಡೆದಿದ್ದ ಮದುವೆಗಳನ್ನೆಲ್ಲ ಒಮ್ಮೆಲೇ ಮಾಡಲು ಹೊರಟ ಕಾಲ ಅದು. ಹುನಗುಂದದವರು ಕೇಳುತ್ತಿದ್ದರು, ಬಾದಾಮಿಯವರು ಕೇಳುತ್ತಿದ್ದರು. ಬಾಗಲಕೋಟೆಯ ಸ್ಟೇಷನ್ನಿಗೆ ಸೀರೆಯ ಪೆಂಡಿ ಹೊತ್ತು ಹೋಗುವ ಎತ್ತಿನ ಗಾಡಿ ಓಣಿಯ ಬಾಯಲ್ಲಿ ಬಂದು ನಿಂತಿತೆಂದರೆ ನಮ್ಮ ಬಾಗಿಲಲ್ಲಿ ಜನ. "ಕೊಂಡ್ಯಕ್ಕಾ, ನಮ್ದೊಂದ ಮುಗಿಸಿ ಕೊಡವಾ." "ಕೊಂಡ್ಯಕ್ಕಾ, ನಾ ನಿನ್ನಿ ಹೇಳಿದ್ನಲ್ಲ." ಮೊಲೆ ಬಿಟ್ಟ ಕೂಸನ್ನು ಅತ್ತೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಯಾರೂ ಹಾಗೆಂದು ತೀರ್ಮಾನ ಮಾಡಿದ್ದಲ್ಲ, ಕೆಲಸ ಹಾಗೆ ಹಂಚಿಹೋಗಿತ್ತು.

ನಮ್ಮ ಗೋಡೆಗೆ ಗೋಡೆ ಹಚ್ಚಿ ಒಂದು ಮುಸಲ್ಮಾನರ ಮನೆ. ಅವರೂ ನೇಯುವವರೇ, ತಲೆತಲಾಂತರದಿಂದ ಅಲ್ಲೇ ಇದ್ದವರು. ಆ ಮನೆಯ ಹಿರಿಯ ಹೆಂಗಸನ್ನು ನಾವೆಲ್ಲ ಚಾಚಿ ಎನ್ನುತ್ತಿದ್ದೆವು. ಒಂದು ದಿನ ಚಾಚಿ ತನ್ನ ಮನೆಯ ಹಾಸು ತಂದು ನನ್ನೆದುರಿಗೆ ಕೂತು ಎಳೆ ಬಿಡಿಸಿ ಕೊಡುತ್ತಿದ್ದಳು. ಮಗಳು ಬಾಗಿಲಲ್ಲಿ ಬಂದು ನಿಂತು ಕೇಳಿದಳು: "ಕೊಂಡ್ಯಕ್ಕಾ, ಅವ್ವ ಎಲ್ಲಿ ಅದಾಳ?"

"ನಿಮ್ಮವ್ವ ಇಲ್ಲೇ ಅದಾಳ," ಎಂದು ನಾನು ನನ್ನ ಎದೆ ಮುಟ್ಟಿ ತೋರಿಸಿದೆ.

ಕೂಸು ನನ್ನನ್ನು ಮೇಲಿಂದ ಕೆಳಗಿನತನಕ ನೋಡಿತು. "ಅಲ್ಲ," ಎಂದು ಹೇಳಿ ಹಿತ್ತಲಿಗೆ ಓಡಿಹೋಯಿತು. ಅಲ್ಲಿ ಅತ್ತೆ ಜೋಳ ಹಸನು ಮಾಡುತ್ತಿದ್ದರು.

ಕೈಯಲ್ಲಿದ್ದ ಎಳೆ ಅಲ್ಲೇ ಬಿಟ್ಟು ಎದ್ದು ಹೋಗಿ ಒಂದು ಬಾರಿಸಬೇಕು ಎನ್ನಿಸಿತು. ಚಾಚಿ ನನ್ನ ಮುಖ ಓದಿದಳು.

"ಕೂಸಿನ ಮ್ಯಾಲ ಯಾಕ ಸಿಟ್ಟಾಗ್ತಿ ಬೇಟಿ? ಅದು ಕೇಳಿದ್ದss ಹೇಳತೈತಿ. ಮುಂಜಾನಿಂದ ನಿನ್ನ ಯಾರರ ಬ್ಯಾರೆ ಹೆಸರ್ಲೆ ಕರದಾರೇನು, ನೀನss ಹೇಳು."

ನಾನು ತಲೆ ತಗ್ಗಿಸಿ ಕೊಂಡಿ ಹಾಕುತ್ತ ಹೋದೆ. ಮುಗಿಯುವ ಹೊತ್ತಿಗೆ ನೋಡುತ್ತೇನೆ, ಹಾಸಿನ ತುದಿಯಲ್ಲಿ ಒಂದು ಕೆಂಪು ಎಳೆ ಜೊತೆಯಿಲ್ಲದೆ ಉಳಿದಿದೆ. ಕೊಂಡಿ ಹಾಕುವ ಹೆಂಗಸಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಸೆರಗಿನ ಒಂದು ಎಳೆ ಉಳಿಯಿತೆಂದರೆ, ಎಲ್ಲೋ ನಡುವೆ ಒಡಲಿನ ಎರಡು ಎಳೆ ಒಂದೇ ರೇಷ್ಮೆಗೆ ಬಿದ್ದಿವೆ ಎಂದು ಅರ್ಥ. ಆ ಉಳಿದ ಎಳೆಯನ್ನು ಹಿಡಿದು ಅತ್ತರೆ ಪ್ರಯೋಜನವಿಲ್ಲ. ತುದಿಯಿಂದ ಹಿಂದಕ್ಕೆ ಒಂದೊಂದನ್ನೇ ಬೆರಳಲ್ಲಿ ಎತ್ತಿ ನೋಡುತ್ತ ಹೋಗಬೇಕು, ತಪ್ಪಿದ ಜಾಗ ಸಿಕ್ಕ ಮೇಲೆ ಅಲ್ಲಿಂದ ಬಿಚ್ಚಿ ಮತ್ತೆ ಹಾಕುತ್ತ ಬರಬೇಕು. ಹುಡುಕಿದೆ. ಕೂಸು ಬಾಗಿಲಲ್ಲಿ ನಿಂತು "ಅಲ್ಲ" ಎಂದಿತಲ್ಲ, ಸರಿಯಾಗಿ ಆ ಹೊತ್ತಿಗೆ ಹಾಕಿದ ಕೊಂಡಿಯಲ್ಲೇ ತಪ್ಪಿತ್ತು. ಚಾಚಿ ಮುಖ ಆ ಕಡೆ ತಿರುಗಿಸಿ ನಕ್ಕಳು. ನನಗೆ ಕೇಳಿಸದಂತೆ ನಗುವುದು ಅವಳಿಗೆ ಬರುತ್ತಿರಲಿಲ್ಲ.

ಹಾಸು ಬಿಚ್ಚಿ ಮತ್ತೆ ಹಾಕುತ್ತಿದ್ದಂತೆಯೇ ನನ್ನ ದಿನವನ್ನೂ ಹೀಗೇ ಹಿಂದಿನಿಂದ ಹುಡುಕುತ್ತ ಹೋದೆ. ಕೂಸು ಯಾರ ಮಗ್ಗುಲಲ್ಲಿ ಮಲಗುತ್ತದೆ? ಅತ್ತೆಯ ಮಗ್ಗುಲಲ್ಲಿ. ಸಂಜೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಉಣಿಸುವವರು ಯಾರು? ಅತ್ತೆ. ಬಿದ್ದರೆ ಊದುವವರು, ತಲೆ ಬಾಚುವವರು, ನೀರು ಎರೆಯುವವರು, ಮುಂಜಾನೆ ಕಣ್ಣು ಬಿಟ್ಟಾಗ ಮೊದಲು ಕಾಣುವವರು? ಎಲ್ಲದಕ್ಕೂ ಅವರೇ. ಕೂಸಿನ ಎಲ್ಲ ಎಳೆಗಳೂ ಒಂದೇ ಕಡೆ ಬಿದ್ದಿದ್ದವು. ಓಣಿಯ ಮಕ್ಕಳು ಉಣಿಸಿ ಮಲಗಿಸುವವಳನ್ನು ಅವ್ವ ಎನ್ನುವುದನ್ನು ಕೇಳಿ ಅದೂ ಹಾಗೇ ಎಂದಿತ್ತು.

ಹುಡುಕಲು ಕೂತ ಮೇಲೆ ಬೇರೆಯವೂ ಕಂಡವು. ನಾನು ಕೂತು ಉಂಡದ್ದು ಯಾವಾಗ ಎಂದು ನೆನಪಾಗಲಿಲ್ಲ, ಒಲೆಯ ಮುಂದೆ ನಿಂತೇ ರೊಟ್ಟಿ ತಿಂದು ಕೈ ತೊಳೆಯುತ್ತಿದ್ದೆ. ಗಂಡನೊಡನೆ ಆಡುತ್ತಿದ್ದ ಮಾತೆಲ್ಲ ನೂಲಿನದು, ಬಣ್ಣದ್ದು. ಚಾಚಿಯೊಡನೆ ಗೋಡೆಗೆ ಒರಗಿ ಸುಮ್ಮನೆ ಹರಟೆ ಹೊಡೆದು ಎಷ್ಟು ಕಾಲವಾಗಿತ್ತೋ. ಲಿಂಗಪೂಜೆಗೆ ಕೂತರೆ ಎಡಗೈಯಲ್ಲಿ ಲಿಂಗ, ಬಲಗೈ ಬೆರಳು ಗಾಳಿಯಲ್ಲಿ ಕೊಂಡಿ ಹೊಸೆಯುತ್ತಿತ್ತು. ಇದನ್ನು ಒಮ್ಮೆ ನಾನೇ ಕಣ್ಣಾರೆ ನೋಡಿ ಗಾಬರಿಯಾದೆ. ಓಣಿಗೆಲ್ಲ ಕೊಂಡಿ ಹಾಕುತ್ತಿದ್ದವಳ ಸ್ವಂತ ಬದುಕು ಹೀಗೆ ಒಂದೇ ಕಡೆ ವಾಲಿಕೊಂಡು ನಿಂತಿತ್ತು. ಕೂತು ನಿಟ್ಟುಸಿರು ಬಿಡುವ ಪೈಕಿ ನಾನಲ್ಲ. ನಾಳೆಯಿಂದಲೇ ಸರಿ ಮಾಡುತ್ತೇನೆ ಎಂದೆ.

ಸರಿ ಮಾಡಲು ಮೊದಲು ಹಿಡಿದದ್ದು ಅಡ್ಡದಾರಿ. ಕೊಂಡ್ಯಕ್ಕ ಎಂದರೆ ಕೂಸಿಗೆ ಉತ್ತರ ಕೊಡುವುದಿಲ್ಲ ಎಂದು ತುಟಿ ಹೊಲಿದುಕೊಂಡೆ. ಅದಕ್ಕೇನು ನಷ್ಟ? ಎರಡು ಸಲ ಕರೆದು, ಇವಳಿಗೆ ಕಿವಿ ಕೇಳಿಸುವುದಿಲ್ಲ ಎಂದುಕೊಂಡು ಅತ್ತೆಯ ಹತ್ತಿರ ಹೋಯಿತು. ಬೆಲ್ಲದ ಆಸೆ ತೋರಿಸಿದೆ. "ಅವ್ವಾ ಅನ್ನು, ಕೊಡ್ತೇನಿ," ಎಂದೆ. ಕೂಸು ಬೆಲ್ಲ ನೋಡುತ್ತ ಮುದ್ದಾಗಿ "ಅವ್ವಾ" ಎಂದಿತು. ಕೊಟ್ಟೆ. ಅದನ್ನು ಬಾಯಿಗೆ ಹಾಕಿಕೊಂಡು ಮತ್ತೆ ಕೈ ಚಾಚಿ, "ಕೊಂಡ್ಯಕ್ಕಾ, ಇನ್ನೊಂದು," ಎಂದಿತು. ಜಾಣತನದಲ್ಲಿ ನನ್ನ ಮಗಳೇ, ಸಂಶಯವಿಲ್ಲ.

ಕೆಲಸದ ಹತ್ತಿರವೇ ಕೂರಿಸಿಕೊಂಡರೆ ಎರಡೂ ಆದೀತು ಎಂದು ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡೆ. ನಾನು ನೀರಿನ ಬಟ್ಟಲಿಗೆ ಬೆರಳು ಅದ್ದುವಷ್ಟರಲ್ಲಿ ಕೂಸು ಸೆರಗಿನ ರೇಷ್ಮೆಯನ್ನು ಮುಷ್ಟಿ ತುಂಬ ಹಿಡಿದು ಎಳೆದಿತ್ತು. ಮುಂಜಾನೆಯಿಂದ ಹಾಕಿದ ಕೊಂಡಿಗಳು ಒಂದರ ಹಿಂದೆ ಒಂದು ಕಳಚಿಕೊಂಡವು. ಮಗ್ಗದ ಕುಣಿಯಿಂದ ಗಂಡ ಎದ್ದು ಬಂದು ನೋಡಿ, ತಲೆಯ ಮೇಲೆ ಕೈ ಹೊತ್ತುಕೊಂಡ. "ಎರಡೂ ಒಮ್ಮಿಗೇ ಮಾಡತೇನಂದ್ರ ಹಿಂಗss ಆಗೂದು," ಎಂದ. ನಾನು ಸಿಟ್ಟಿನಲ್ಲಿ ಹಾಗಾದರೆ ಕೊಂಡಿಯನ್ನೇ ಬಿಟ್ಟೆ ಎಂದೆ. ಖರೆಯಾಗಿಯೂ ಬಿಟ್ಟೆ. ನಮ್ಮ ಮನೆಯ ಸೀರೆಗೂ ಮುಟ್ಟಲಿಲ್ಲ.

ಕೆಲವು ದಿನ ಮಗ್ಗ ಸದ್ದಿಲ್ಲದೆ ಬಿದ್ದುಕೊಂಡಿತು. ಗಂಡ ಅಂಗಳದಲ್ಲಿ ಸುಮ್ಮನೆ ಓಡಾಡತೊಡಗಿದ. ಒಂದು ಮಧ್ಯಾಹ್ನ ಒಳಗೆ ಬಂದರೆ ಅತ್ತೆ ಹಾಸಿನ ಮುಂದೆ ಕೂತಿದ್ದರು. ಬೆರಳು ತೇವ ಮಾಡಿಕೊಂಡು ಎಳೆ ಹಿಡಿಯುತ್ತಿದ್ದರು, ಅದು ಜಾರುತ್ತಿತ್ತು. ಮತ್ತೆ ಹಿಡಿಯುತ್ತಿದ್ದರು, ಮತ್ತೆ ಜಾರುತ್ತಿತ್ತು. ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದರು. ಆ ನೋಟ ನನ್ನ ಹಟವನ್ನು ಮೆತ್ತಗೆ ಮಾಡಲಿಲ್ಲ, ಆದರೆ ದಿಕ್ಕು ಬದಲಿಸಿತು. ಒಂದನ್ನು ಪೂರ್ತಿ ಕಿತ್ತು ಇನ್ನೊಂದನ್ನು ತುಂಬುವುದು ನನ್ನಂಥ ಮುಂಗೋಪಿಗೆ ಸುಲಭದ ದಾರಿ. ಮಾಡಬೇಕಾದದ್ದು ಬೇರೆ: ಎಲ್ಲವೂ ಇರಬೇಕು, ಪ್ರತಿಯೊಂದಕ್ಕೂ ಅದರದೇ ಹೊತ್ತು ಇರಬೇಕು.

ಆಗ ನಿಯಮ ಮಾಡಿದೆ, ಮನೆಯವರ ಮುಂದೆ ನಿಂತು ಹೇಳಿದೆ. ಮುಂಜಾನೆ ಪೂಜೆ, ಬೆರಳು ಆಡಿಸದೆ. ಆಮೇಲೆ ಕೂಸಿಗೆ ಎರೆಯುವುದು ನಾನು, ತಲೆ ಬಾಚುವುದು ನಾನು, ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗುವಾಗ ಕೂಸು ನನ್ನ ಸಂಗಡ. ಹಳ್ಳದಿಂದ ಬಂದ ಮೇಲೆ ಕೊಂಡಿ, ಮೊದಲು ಮನೆಯದು, ಆಮೇಲೆ ಓಣಿಯದು. ಬಿಸಿಲು ಪಡಸಾಲೆಯ ಕಂಬಕ್ಕೆ ಬಂದಾಗ ಎಲ್ಲರೂ ಕೂತು ಉಣ್ಣುವುದು, ನಾನೂ ಕೂತು. ಸಂಜೆಗೆ ನೀರಿನ ಬಟ್ಟಲನ್ನು ಮುಗುಚಿ ಇಡುವುದು. ಮುಗುಚಿದ ಬಟ್ಟಲನ್ನು ಯಾರಿಗಾಗಿಯೂ ಎತ್ತುವುದಿಲ್ಲ, ಗಾಡಿ ಬಾಗಿಲಲ್ಲಿ ನಿಂತಿದ್ದರೂ.

"ಓಣ್ಯಾಗ ಮಂದಿ ಏನಂದಾರು?" ಎಂದ ಗಂಡ.

"ಅನ್ಲಿ ಬಿಡ್ರಿ. ಅನ್ನಾಕ ಅವರ ಬಾಯಿ ಐತಿ, ಹಾಕಾಕ ಬೆರಳ ನನ್ನವು ಅದಾವ."

ಅತ್ತೆ ಮಾತ್ರ ಒಂದೇ ಮಾತು ಹೇಳಿದರು. "ನೀ ಎರದರ ಕೂಸಿನ ಕಣ್ಣಾಗ ಸೀಗಿಕಾಯಿ ಹೋಕ್ಕೈತಿ."

ಹೋಯಿತು. ಮೊದಲ ದಿನವೇ ಹೋಯಿತು. ಕೂಸು ಬಚ್ಚಲು ಹಾರಿಹೋಗುವಂತೆ ಚೀರಿತು. "ಅವ್ವಾ! ಅವ್ವಾ!" ಅದು ಕರೆದದ್ದು ನನ್ನನ್ನಲ್ಲ. ನಾನು ಒದ್ದೆ ಕೈಯಲ್ಲಿ ಅದರ ಕಣ್ಣು ತೊಳೆಯುತ್ತ ಬಾಗಿಲ ಕಡೆ ನೋಡಿದೆ, ಅತ್ತೆ ಈಗ ನುಗ್ಗಿ ಬಂದು ಕೂಸನ್ನು ಕಿತ್ತುಕೊಳ್ಳುತ್ತಾರೆ ಎಂದು ಕಾದೆ. ಬರಲಿಲ್ಲ. ಹೊರಗೆ ಬಂದು ನೋಡಿದರೆ ಬಚ್ಚಲ ಗೋಡೆಗೆ ಅಂಟಿ ನಿಂತಿದ್ದರು, ಒಣಗಿದ ಬಟ್ಟೆ ಹಿಡಿದುಕೊಂಡು. ಅದನ್ನು ನನ್ನ ಕೈಗೆ ಕೊಟ್ಟು ಒಲೆಯ ಕಡೆ ಹೋದರು.

ದಿನಗಳು ಕಳೆದವು, ಎರೆಯುವುದು ನನಗೆ ಬಂತು, ಜಡೆ ನೆಟ್ಟಗಾಯಿತು, ಕೂಸು ನನ್ನ ಸೆರಗು ಹಿಡಿದು ಹಳ್ಳಕ್ಕೆ ಬರತೊಡಗಿತು. ಆದರೆ ಹೆಸರು ಮಾತ್ರ ಅದೇ. ನಡೆಯುತ್ತ ನಡೆಯುತ್ತ ಕೊಂಡ್ಯಕ್ಕಾ, ಹಕ್ಕಿ ನೋಡು. ಕೊಂಡ್ಯಕ್ಕಾ, ನೀರು ತಣ್ಣಗೈತಿ. ಹಳ್ಳದ ದಂಡೆಯಲ್ಲಿ ಒಗೆಯುವ ಹೆಂಗಸರು ನನ್ನನ್ನು ಕಂಡೊಡನೆ, "ಕೊಂಡ್ಯಕ್ಕಾ, ನಮ್ಮ ಹಾಸು ಯಾವಾಗ?" ಎಂದು ಶುರು ಮಾಡುತ್ತಿದ್ದರು. ಕೂಸು ಕತ್ತೆತ್ತಿ ಕೇಳುತ್ತಿತ್ತು. ಚಾಚಿಯ ಮಾತು ಆಗ ನನ್ನ ತಲೆಗೆ ಇಳಿಯಿತು. ಕೂಸನ್ನು ತಿದ್ದಿದರೆ ಆಗದು. ತಿದ್ದಬೇಕಾದದ್ದು ಓಣಿಯನ್ನು.

ಅಲ್ಲೇ, ಸೀರೆ ಮೊಣಕಾಲಿನತನಕ ಕಟ್ಟಿಕೊಂಡು ನೀರಿನಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಇವತ್ತಿನಿಂದ ಯಾರರ ನನ್ನ ಕೊಂಡ್ಯಕ್ಕ ಅಂದರ ನಾ ಓ ಅನ್ನೂದಿಲ್ಲ. ಅವರ ಮನಿ ಹಾಸನ್ನೂ ಮುಟ್ಟೂದಿಲ್ಲ. ಕೂಸಿನವ್ವ ಅಂತ ಕರೀರಿ. ಹಂಗ ಕರದವರಿಗಷ್ಟss ಕೊಂಡಿ."

ಒಗೆಯುವುದು ಬಿಟ್ಟು ನಗೆಯೋ ನಗೆ. "ಅಯ್ಯ, ಇಕೀಗೆ ಏನಾತವಾ!" "ನಿನ್ನ ಕೂಸ ಒಂದss ಏನು ಊರಾಗ, ನಾವೆಲ್ಲಾರು ಕೂಸಿನವ್ವನss!" ಎಂದು ಒಬ್ಬಳು ನೀರು ಚಿಮ್ಮಿಸಿದಳು. ಚಾಚಿ ಮಾತ್ರ ಕಲ್ಲಿನ ಮೇಲೆ ಕೂತಲ್ಲಿಂದಲೇ ಗಂಭೀರವಾಗಿ ಕೂಗಿದಳು: "ಏ ಕೂಸಿನವ್ವಾ! ನಮ್ಮ ಹಾಸು ನಾಳಿಗೆ ಹಾಕಿ ಕೊಡ್ತಿ ಹೌದಿಲ್ಲೋ?" ನಾನೂ ಅಷ್ಟೇ ಗಂಭೀರವಾಗಿ, "ಕೊಡ್ತೇನಿ ಚಾಚಿ," ಎಂದೆ. ಉಳಿದವರ ನಗೆ ಸಣ್ಣಗಾಯಿತು. ಮದುವೆಯ ದಿನಗಳು, ಎಲ್ಲರಿಗೂ ಕೊಂಡಿ ಬೇಕಿತ್ತು.

ಇದನ್ನು ಪಾಲಿಸುವುದು ಅವರಿಗಿಂತ ನನಗೆ ಕಷ್ಟವಾಯಿತು. ಹಳೆಯ ಹೆಸರು ಕೇಳಿದೊಡನೆ ಬಾಯಿ ತಾನೇ ತೆರೆದುಕೊಳ್ಳುತ್ತಿತ್ತು, ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಬಾಗಿಲಲ್ಲಿ ಹಾಸು ಹೊತ್ತು ನಿಂತವನು ಕೊಂಡ್ಯಕ್ಕ, ಕೊಂಡ್ಯಕ್ಕ ಎಂದು ಕೂಗಿ ಕೂಗಿ ಗಂಟಲು ಒಣಗಿಸಿಕೊಂಡು, ಕೊನೆಗೆ ಪಕ್ಕದವರು ಹೇಳಿಕೊಟ್ಟ ಮೇಲೆ ನಾಚಿಕೊಂಡು "ಕೂಸಿನವ್ವಾ" ಎನ್ನುತ್ತಿದ್ದ. ಗಂಡ ಕುಣಿಯೊಳಗೆ ಮುಸಿಮುಸಿ ನಗುತ್ತಿದ್ದ. ನಕ್ಕರೆ ನಗಲಿ. ನಾನು ಸಡಿಲ ಬಿಡಲಿಲ್ಲ.

ಫಲ ಬಂತು, ಆದರೆ ಸೊಟ್ಟಗೆ ಬಂತು. ಒಂದು ಮುಂಜಾನೆ ಮಗಳು ಹಾಸಿಗೆಯಿಂದ ಎದ್ದು ಬಂದು, ಕಣ್ಣುಜ್ಜಿಕೊಳ್ಳುತ್ತ, "ಕೂಸಿನವ್ವಾ, ನನಗ ರೊಟ್ಟಿ," ಎಂದಳು. ಯಾರ ಕೂಸು, ಯಾರ ಅವ್ವ! ನನಗೆ ಸಿಟ್ಟು ಬರಬೇಕಿತ್ತು. ಬಿದ್ದು ಬಿದ್ದು ನಕ್ಕೆ. ಕೂಸೂ ನಕ್ಕಿತು, ಏಕೆಂದು ತಿಳಿಯದೆ. ಅದನ್ನು ಎತ್ತಿಕೊಂಡು, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟೆ. ಅರ್ಧ ಹೆಸರು ಕೈಗೆ ಬಂದಿತ್ತು.

ಉಳಿದರ್ಧ ಹಳ್ಳದ ದಾರಿಯಲ್ಲಿ ಬಂತು. ಜಾಲಿಯ ಮುಳ್ಳು ಕಾಲಿಗೆ ಚುಚ್ಚಿ ಕೂಸು ಅಲ್ಲೇ ಕೂತುಬಿಟ್ಟಿತು. ಕಾಲನ್ನು ನನ್ನ ಕಡೆ ಚಾಚಿ, "ಅವ್ವಾ, ಮುಳ್ಳು," ಎಂದಿತು. ಅತ್ತೆ ಅಲ್ಲಿರಲಿಲ್ಲ, ಅಭ್ಯಾಸದಿಂದ ಅವರನ್ನೇ ಕರೆದಿರಬಹುದು ಎಂದು ನಾನು ಹೆಚ್ಚು ಹಿಗ್ಗಲಿಲ್ಲ. ಮುಳ್ಳು ತೆಗೆದೆ, ಉಗುಳು ಹಚ್ಚಿದೆ, ಎತ್ತಿಕೊಂಡೆ. ಮನೆಗೆ ಬಂದು ಬಟ್ಟೆ ಹರವುತ್ತಿದ್ದಾಗ ಮಗಳು ಒಳಗಿನಿಂದ ಓಡಿ ಬಂದಳು. "ಅವ್ವಾ, ಆಯಿ ಉಣ್ಣಾಕ ಕರ್ಯಾಕತ್ತಾಳ."

ನಾನು ಅವ್ವ, ಅತ್ತೆ ಆಯಿ, ಅಂದರೆ ಅಜ್ಜಿ. ಒಂದೇ ಉಸಿರಿನಲ್ಲಿ ಎರಡೂ. ಒದ್ದೆ ಸೀರೆಯನ್ನು ಮುಖಕ್ಕೆ ಒತ್ತಿಕೊಂಡೆ. ಆ ಒಂದು ಸಲ ಸಿಟ್ಟಿನ ಬದಲು ಅಳುವೇ ಬಂತು. ಊಟಕ್ಕೆ ಕೂತಾಗ ಮೆಲ್ಲಗೆ ಮಗಳನ್ನು ಕೇಳಿದೆ, ಆಯಿ ಅನ್ನಲು ಯಾರು ಹೇಳಿಕೊಟ್ಟರು ಎಂದು. ಅವಳು ಬೆರಳಲ್ಲಿ ಅತ್ತೆಯನ್ನು ತೋರಿಸಿದಳು. ಅತ್ತೆ ತಲೆ ಎತ್ತಲಿಲ್ಲ. "ಮತ್ತೇನು, ನಾ ಆಯಿನೇ ಅಲ್ಲೇನು," ಎಂದು ಸಾರು ಬಡಿಸಿದರು.

ಗೆದ್ದವಳ ಗತ್ತು ಕೆಲವು ದಿನ ನನ್ನಲ್ಲಿತ್ತು. ಪೂಜೆ ನೆಮ್ಮದಿಯಿಂದ ಆಗುತ್ತಿತ್ತು. ಗಂಡನೊಡನೆ ಕೂತು ಉಂಡಾಗ ನೂಲು ಬಿಟ್ಟು ಬೇರೆ ಮಾತುಗಳೂ ಬರುತ್ತಿದ್ದವು. ಶಿರೂರಿನ ತನ್ನ ಗೆಳೆಯನ ಕತೆ ಹೇಳಿ ನಗಿಸುತ್ತಿದ್ದ, ಇವನಿಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಸಂಜೆ ಬಟ್ಟಲು ಮುಗುಚಿ ಚಾಚಿಯ ಕಟ್ಟೆಗೆ ಹೋಗುತ್ತಿದ್ದೆ. ಕೊಂಡಿಯೂ ಹಾಳಾಗಲಿಲ್ಲ, ಇನ್ನೂ ಬಿಗಿಯಾಗಿ ಬೀಳುತ್ತಿತ್ತು. ಎಲ್ಲವೂ ಸರಿತೂಗಿತು ಎಂದುಕೊಂಡೆ.

ಅತ್ತೆ ಮೌನವಾಗಿದ್ದುದು ನನಗೆ ಕಂಡದ್ದು ತಡವಾಗಿ, ಏಕೆಂದರೆ ಅವರು ಮೊದಲೂ ಮೌನವೇ. ಆದರೆ ಮೊದಲಿನ ಮೌನದಲ್ಲಿ ಕೈ ಆಡುತ್ತಿತ್ತು. ಈಗ ಹಿತ್ತಲಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರು. ಓಣಿಯಲ್ಲಿ ಯಾವುದೋ ಮನೆಯ ಮಗು "ಅವ್ವಾ" ಎಂದು ಕೂಗಿದರೆ ಅವರ ಕತ್ತು ಥಟ್ಟನೆ ಏಳುತ್ತಿತ್ತು. ಆಮೇಲೆ ನಿಧಾನಕ್ಕೆ ಕೆಳಗಿಳಿಯುತ್ತಿತ್ತು. ಹಾಗಾದದ್ದನ್ನು ನಾನು ಒಂದು ದಿನ ನೋಡಿದೆ, ಇನ್ನೊಂದು ದಿನವೂ ನೋಡಿದೆ.

ಗಂಡನಿಗೆ ಹೇಳಿದೆ. ಅವನು ರೊಟ್ಟಿ ಮುರಿಯುತ್ತ ಹಗುರವಾಗಿ ಅಂದ: "ಆಯಿ ಅಂದರೇನು, ಅವ್ವ ಅಂದರೇನು? ಹೆಸರಷ್ಟss. ನಾ ಹುಟ್ಟಿದಾಗಿಂದ ಅಕೀಗೆ ವೈನಿ ಅಂತೇನಿ. ಅಕೀ ಏನರ ಬ್ಯಾಸರ ಮಾಡ್ಕೊಂಡಾಳೇನು?"

ಅದು ನನಗೆ ಗೊತ್ತಿಲ್ಲದ್ದೇನಲ್ಲ. ಮದುವೆಯಾದಾಗಿನಿಂದ ದಿನವೂ ಕೇಳಿದ್ದೆ. ನಮ್ಮ ಕಡೆ ತುಂಬಿದ ಮನೆಗಳಲ್ಲಿ ಇದು ಮಾಮೂಲು. ಮನೆಯಲ್ಲಿ ಮೈದುನಂದಿರು ಅಣ್ಣನ ಹೆಂಡತಿಯನ್ನು ವೈನಿ, ವೈನಿ ಎಂದು ಕರೆಯುತ್ತಾರೆ, ಅವಳ ಹೊಟ್ಟೆಯ ಮಕ್ಕಳೂ ಕೇಳಿ ಕೇಳಿ ಹಾಗೇ ಕಲಿಯುತ್ತಾರೆ, ದೊಡ್ಡವರಾದರೂ ಬದಲಿಸುವುದಿಲ್ಲ. ಅತ್ತೆಯ ಮೈದುನಂದಿರು ಬೇರೆ ಮನೆ ಮಾಡಿಕೊಂಡು ಹೋದರು, ಕರೆ ಮಾತ್ರ ಮನೆಯಲ್ಲಿ ಉಳಿಯಿತು. ನಮ್ಮ ಅತ್ತೆಗೆ ಇವನೊಬ್ಬನೇ ಮಗ, ಬೇರೆ ಮಕ್ಕಳಿಲ್ಲ. ಎಂದರೆ ಅವರನ್ನು ಅವ್ವ ಎಂದು ಕರೆದದ್ದು ಇಡೀ ಜನ್ಮದಲ್ಲಿ ಒಂದೇ ಬಾಯಿ, ನನ್ನ ಮಗಳದು. ಅದನ್ನು ನಾನು ಹಟ ಮಾಡಿ ಪಡೆದುಕೊಂಡಿದ್ದೆ. ಅವರು ತಾವೇ ಕೂಸಿಗೆ ಹೇಳಿಕೊಟ್ಟು ಬಿಟ್ಟುಕೊಟ್ಟಿದ್ದರು.

ನನಗೆ ಸೇರಬೇಕಾದದ್ದನ್ನು ನಾನು ಪಡೆದುಕೊಂಡಿದ್ದೆ, ಅದರ ಬಗ್ಗೆ ನನಗೆ ಇಂದಿಗೂ ಅನುಮಾನವಿಲ್ಲ. ಹಿಂದಕ್ಕೆ ಕೊಡುವ ಮಾತೂ ಇರಲಿಲ್ಲ. ಆದರೆ ಮಗ್ಗದ ಮನೆಯವರಿಗೆ ಇಷ್ಟು ಗೊತ್ತಿರುತ್ತದೆ: ಹಾಸನ್ನು ಒಂದು ಅಂಚಿನಲ್ಲಿ ಬಿಗಿ ಮಾಡಿದರೆ ಇನ್ನೊಂದು ಅಂಚು ಜೋತುಬೀಳುತ್ತದೆ, ಹಾಗೇ ಬಿಟ್ಟರೆ ಸೀರೆ ಸೊಟ್ಟಗಾಗುತ್ತದೆ. ಜೋತುಬಿದ್ದ ಅಂಚನ್ನು ಬಿಗಿ ಮಾಡುವ ಕೈ ನನ್ನ ಹತ್ತಿರ ಇರಲಿಲ್ಲ. ಅದು ಎದುರಿಗೆ ಕೂತು ರೊಟ್ಟಿ ತಿನ್ನುತ್ತಿತ್ತು.

"ಅತ್ತಿನ್ನ ನೀವು ಅವ್ವ ಅನ್ರಿ," ಎಂದೆ.

ಅವನ ಕೈಯಲ್ಲಿದ್ದ ತುತ್ತು ಅರ್ಧಕ್ಕೆ ನಿಂತಿತು. "ಈ ವಯಸ್ಸಿನ್ಯಾಗ? ಮೀಸಿ ಬಂದು ಯಾವ ಕಾಲಾತು! ಮಂದಿ ನಗತಾರ."

"ನನಗ ನಕ್ಕಾರ. ನಾ ಸತ್ತೇನೇನು?"

"ನಾಲಗಿ ಹೊಳ್ಳೂದಿಲ್ಲ."

"ಓಣಿ ನಾಲಗಿ ಹೊಳ್ಳಿಸೇನಿ ನಾ. ನಿಮ್ಮದು ಯಾವ ಲೆಕ್ಕ?"

ಅವನು ಎದ್ದು ಕೈ ತೊಳೆದ. ನಾನು ಬಿಡಲಿಲ್ಲ. ಮರುದಿನ ರೊಟ್ಟಿ ಬಡಿಸುವಾಗ ಕೇಳಿದೆ, ಅದರ ಮರುದಿನ ಲಾಳಿಗೆ ಹಾಕುವ ನೂಲಿನ ಕಂಡಿಕೆ ಕೊಡುವಾಗ ಕೇಳಿದೆ. ಸಿಟ್ಟು ಮಾಡಿಕೊಂಡ, ಮಾತು ಮರೆಸಿದ, ನನ್ನ ಕಂಡರೆ ಕುಣಿಯೊಳಗೆ ತಲೆ ತಗ್ಗಿಸಿದ. ಒಮ್ಮೆ ಅತ್ತೆಯ ಹಿಂದೆ ಹೋಗಿ ನಿಂತು, ಬಾಯಿ ತೆರೆದು, ಕೆಮ್ಮಿ ಮರಳಿ ಬಂದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಗಟ್ಟಿಮುಟ್ಟಾದ ಗಂಡಸು, ಎರಡಕ್ಷರಕ್ಕೆ ಬೆವತಿದ್ದ. ಆಗ ನನಗೆ ಅವನ ಮೇಲೆ ಪ್ರೀತಿ ಉಕ್ಕಿತು, ಆದರೂ ಪಟ್ಟು ಸಡಿಲಿಸಲಿಲ್ಲ.

ಒಂದು ಮಧ್ಯಾಹ್ನ ನಾನು ಹಾಸಿನ ಮುಂದೆ ಕೂತಿದ್ದೆ. ಅತ್ತೆ ಅಂಗಳದ ಗೋಡೆಗೆ ಒರಗಿ ರಾಟೆಯಲ್ಲಿ ಕಂಡಿಕೆ ಸುತ್ತುತ್ತಿದ್ದರು, ಮಗಳು ಸುತ್ತಿದ್ದನ್ನು ಬುಟ್ಟಿಗೆ ಹಾಕುತ್ತಿದ್ದಳು. ಒಳಗೆ ಮಗ್ಗದ ಸದ್ದು ನಿಂತಿತು. ಆಮೇಲೆ ಗಂಡನ ದನಿ, ಬೇಕಾದ್ದಕ್ಕಿಂತ ಜೋರಾಗಿ ಬಂತು.

"ಅವ್ವಾ! ಕಂಡಿಕಿ ಮುಗದಾವು. ತಂದು ಕೊಡು."

ನನ್ನ ಬೆರಳು ಎಳೆಯ ಮೇಲೆ ನಿಂತುಬಿಟ್ಟಿತು. ಅತ್ತೆಯ ರಾಟೆ ಮಾತ್ರ ತಿರುಗುತ್ತಲೇ ಇತ್ತು. ಅವರು ಮೊಮ್ಮಗಳಿಗೆ ಹೇಳಿದರು: "ನಿಮ್ಮಪ್ಪ ನಿಮ್ಮವ್ವನ್ನ ಕರ್ಯಾಕತ್ತಾನ ನೋಡು. ಹೋಗಿ ಹೇಳು."

ಮಗಳು ಓಡಿ ಬಂದು ನನ್ನ ಭುಜ ಹಿಡಿದಳು. "ನನ್ನಲ್ಲ," ಎಂದೆ.

ಗಂಡ ಕುಣಿಯಿಂದ ಮೇಲೆ ಬಂದ. ಕಾಲಿಗೆ ಹತ್ತಿದ ಧೂಳನ್ನೂ ಝಾಡಿಸದೆ ಅಂಗಳಕ್ಕೆ ನಡೆದು, ಅತ್ತೆಯ ಎದುರಿಗೆ ನಿಂತು ಮತ್ತೊಮ್ಮೆ ಅಂದ, ಈ ಸಲ ಮೆಲ್ಲಗೆ: "ಅವ್ವ."

ಅತ್ತೆ ರಾಟೆ ನಿಲ್ಲಿಸಿ, ಅವನು ಯಾರನ್ನು ಕರೆಯುತ್ತಿದ್ದಾನೆ ಎಂದು ಹಿಂದೆ ತಿರುಗಿ ನೋಡಿದರು. ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.